ಚೇತನಾ ಹಾಕಿದ ಹೊಲಿಗೆ

ಸೆಪ್ಟೆಂಬರ್ ೨೩, ಸೋಮವಾರ

ಆಸ್ಪತ್ರೆಯ ಮೆಟ್ಟಿಲ ಹತ್ತಿರ ಹೊಸ ಬೋರ್ಡು ಬಂದಿದೆ. ನನ್ನ ಬೋರ್ಡಿಗಿಂತ ಒಂದು ಗೇಣು ಉದ್ದ. ಹೆಸರೇನೂ ಉದ್ದವಿಲ್ಲ, ಹೆಸರಿನ ಹಿಂದಿನ ಡಿಗ್ರಿಗಳದ್ದೇ ಮೆರವಣಿಗೆ. ಕಿಡ್ನಿ, ಮೂತ್ರಕೋಶದ ತಜ್ಞೆಯಂತೆ. ಬ್ರಹ್ಮಾವರದ ಹುಡುಗಿ. ಸೋಮವಾರ, ಬುಧವಾರ, ಶುಕ್ರವಾರ ಬರುತ್ತಾಳಂತೆ. ಆಸ್ಪತ್ರೆಯ ಮಾಲೀಕ ಜಿತೇಂದ್ರ ನನ್ನ ಕೋಣೆಗೇ ಬಂದು, ಇನ್ನು ನಿಮಗೆ ಸ್ವಲ್ಪ ಭಾರ ಕಡಿಮೆ ಸರ್ ಎಂದು ಹಲ್ಲು ಕಿರಿದ. ನನಗೆ ಭಾರವಾಗಿದೆ ಎಂದು ಇವನಿಗೆ ಹೇಳಿದ್ದು ಯಾರು?

ಕುಂದಾಪುರದಲ್ಲಿ ನಾನು ಹೊಟ್ಟೆ ಕೊಯ್ಯಲು ಶುರು ಮಾಡಿದಾಗ ಈ ಹುಡುಗಿ ಬಹುಶಃ ಅಂಗನವಾಡಿಗೆ ಹೋಗುತ್ತಿದ್ದಳು. ಗಂಗೊಳ್ಳಿಯಿಂದ ಹಾಲಾಡಿಯವರೆಗೆ ಯಾವ ಮನೆಯ ಜಗಲಿಯಲ್ಲಿ ಕೂತರೂ ಒಬ್ಬರಾದರೂ ಅಂಗಿ ಎತ್ತಿ ನನ್ನ ಹೊಲಿಗೆ ತೋರಿಸುತ್ತಾರೆ. ಹರ್ನಿಯಾ, ಅಪೆಂಡಿಕ್ಸ್, ಕಲ್ಲು, ಪ್ರಾಸ್ಟೇಟ್, ಎಲ್ಲ ನಾನೇ. ರವಿಚಂದ್ರ ಡಾಕ್ಟ್ರ ಕೈಗುಣ ಎನ್ನುತ್ತಾರೆ. ಕೈಗುಣಕ್ಕೆ ಬೋರ್ಡಿನಲ್ಲಿ ಜಾಗ ಇಲ್ಲ ತಾನೆ.

ಇಷ್ಟು ಬರೆದ ಮೇಲೆ ಸ್ವಲ್ಪ ಹಗುರ. ಇಂಗ್ಲಿಷಿನಲ್ಲಿ ಬರೆದರೆ ನನ್ನ ಅಕ್ಷರ ಮೆಡಿಕಲ್ ಶಾಪಿನವನಿಗೆ ಮಾತ್ರ ಓದಲು ಬರುತ್ತದೆ. ಅದಕ್ಕೇ ದಿನಚರಿ ಮೊದಲಿನಿಂದಲೂ ಕನ್ನಡದಲ್ಲಿ.

ಸೆಪ್ಟೆಂಬರ್ ೨೫, ಬುಧವಾರ

ಅವಳ ಕೋಣೆಯ ಮುಂದೆ ಕೂರಲು ಕುರ್ಚಿ ಸಾಲದೆ ನನ್ನ ಕೋಣೆಯ ಮುಂದಿನ ಬೆಂಚನ್ನು ಹೊತ್ತುಕೊಂಡು ಹೋದರು. ನನ್ನಲ್ಲಿಗೆ ಬಂದವರು ಮೂವರು. ಇಬ್ಬರು ಡ್ರೆಸ್ಸಿಂಗಿಗೆ. ಮೂರನೆಯವರು ಬಾಗಿಲು ತಳ್ಳಿ, ಹೊಸ ಮೇಡಂ ಕೋಣೆ ಯಾವುದು ಎಂದು ಕೇಳಿದರು.

ದಾರಿ ತೋರಿಸಿದೆ. ಎದ್ದು ಹೋಗಿ ಕೈಹಿಡಿದು ಕರೆದುಕೊಂಡು ಹೋಗಬೇಕಿತ್ತೇನೋ.

ಸೆಪ್ಟೆಂಬರ್ ೩೦, ಸೋಮವಾರ

ಇವತ್ತು ಆ ಸಾಲಿನಲ್ಲಿ ಕುಸುಮ ಕೂತಿದ್ದಳು. ನನ್ನ ಹೆಂಡತಿ ಕುಸುಮ. ಬೆನ್ನು ಈಚೆಗೆ ಮಾಡಿಕೊಂಡಿದ್ದಳು, ಆದರೆ ಆ ಸೀರೆ ಕೊಡಿಸಿದ್ದು ನಾನೇ ಅಲ್ಲವೇ? ಎದುರಿಗೆ ಹೋಗಿ ನಿಂತೆ. ಬೈಂದೂರಿನ ತಂಗಿಗೆ ಏನೋ ತೊಂದರೆ, ಅವಳ ಪರವಾಗಿ ಕೇಳಲು ಬಂದೆ ಎಂದಳು. ಸುಳ್ಳು ಹೇಳುವಾಗ ಕುಸುಮ ಸೆರಗಿನ ತುದಿ ಸುರುಳಿ ಸುತ್ತುತ್ತಾಳೆ. ಇವತ್ತು ಪೂರ್ತಿ ಸೆರಗನ್ನೇ ಸುತ್ತಿದಳು.

ಸಂಜೆ ಮನೆಯಲ್ಲಿ ಬಾಯಿ ಬಿಟ್ಟಳು. ಕೆಮ್ಮಿದರೆ, ನಕ್ಕರೆ, ಬಸ್ಸು ಕುಲುಕಿದರೆ ಮೂತ್ರ ಹನಿಯುತ್ತದಂತೆ. ವರ್ಷಗಳಿಂದ. ಅದಕ್ಕೇ ಬೈಂದೂರಿಗೆ ಹೋಗುವುದನ್ನು ಬಿಟ್ಟದ್ದಂತೆ. ಬಸ್ಸಿನ ಕುಲುಕು ಆಗುವುದಿಲ್ಲ ಎಂದಾಗ ನಾನು ಸೊಂಟ ನೋವೆಂದು ತಿಳಿದು ಹಚ್ಚಲು ಎಣ್ಣೆ ಬರೆದುಕೊಟ್ಟಿದ್ದೆ. ಅವಳು ಅದನ್ನು ಸುಮ್ಮನೆ ಹಚ್ಚಿಕೊಂಡಳು!

ನನಗೆ ಯಾಕೆ ಹೇಳಲಿಲ್ಲ ಎಂದರೆ, ‘ನೀವ್ ಕೇಂಡಿದ್ರೆ ಹೇಳ್ತಿದ್ದೆ’ ಎಂದಳು. ‘ಆ ಹೆಣ್ಣ್ ಕೇಂತ್, ಹೇಳ್ದೆ.’

ನಾನು ಕೇಳಲೇ ಇಲ್ಲವಂತೆ, ಆ ಹುಡುಗಿ ಕೇಳಿದಳಂತೆ. ಒಂದೇ ಮನೆಯಲ್ಲಿ ಉಂಡು ಮಲಗಿದವನಿಗೆ ಹೇಳದ್ದನ್ನು ನಿನ್ನೆ ಮೊನ್ನೆ ಬಂದವಳಿಗೆ ಹೇಳಿದಳು. ನನಗೆ ಸಹಿಸಲು ಆಗುತ್ತಿಲ್ಲ. ರೋಗಿಗಳನ್ನು ಕೊಂಡೊಯ್ದಳು, ಸರಿ. ಬೆಂಚು ಕೊಂಡೊಯ್ದಳು, ಸರಿ.

ಅಕ್ಟೋಬರ್ ೮, ಮಂಗಳವಾರ

ಇವತ್ತು ಆ ಹುಡುಗಿ ಇಲ್ಲದ ದಿನ. ಒಳ್ಳೆಯ ಕೇಸೊಂದು ಬಂತು.

ಗಂಗೊಳ್ಳಿಯ ದೇವು, ಮೀನಿನ ಹಿಂಡಿಗೆ ಸುತ್ತ ಬಲೆ ಬಿಡುವ ಪರ್ಸಿನ್ ಬೋಟಿನಲ್ಲಿ ಬಲೆ ಎಳೆಯುವವ. ಬಲೆ ಎಳೆಯುವಾಗ ಹಗ್ಗ ತುಂಡಾಗಿ, ಅದರ ಕಬ್ಬಿಣದ ಕೊಂಡಿ ಬಂದು ಹೊಕ್ಕುಳ ಕೆಳಗೆ ಬಡಿದಿದೆ. ಬೋಟು ದಡ ಮುಟ್ಟುವವರೆಗೆ ಹೊಟ್ಟೆ ಹಿಡಿದುಕೊಂಡೇ ಮಲಗಿದ್ದನಂತೆ. ಹೆಂಡತಿ ಬೆಳ್ಳಿ ಬೇರೆ ಎಲ್ಲಿಗೂ ಬೇಡ ಎಂದು ಹಟ ಹಿಡಿದು ನನ್ನ ಹತ್ತಿರವೇ ಕರೆಸಿದ್ದಾಳೆ. ದೇವುವಿನ ಅಪ್ಪನ ಹರ್ನಿಯಾ ಮಾಡಿದ್ದು ನಾನೇ.

ಹೊರಗೆ ಗಾಯ ಇಲ್ಲ, ತರಚಿದ್ದು ಅಷ್ಟೆ. ನಾಡಿ ಚೆನ್ನಾಗಿದೆ. ಎಕ್ಸ್‌ರೇಯಲ್ಲಿ ಸೊಂಟದ ಮೂಳೆ ಸರಿ ಇದೆ. ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೆ ಸ್ವಲ್ಪ ನೀರು ಕಂಡಿತು. ಪೆಟ್ಟು ಬಿದ್ದ ಮೇಲೆ ಒಂದಕ್ಕೆ ಹೋಗಲು ಆಗಿಲ್ಲ ಎಂದ. ಮೂತ್ರದ ಟ್ಯೂಬ್ ಹಾಕಿದೆ. ಸ್ವಲ್ಪ ಕೆಂಪು ಬಣ್ಣದ ಮೂತ್ರ ಧಾರಾಳವಾಗಿ ಬಂತು, ನೋಡುತ್ತಿದ್ದಂತೆ ಚೀಲ ತುಂಬಿ ಎರಡನೆಯ ಚೀಲ ಹಾಕಬೇಕಾಯಿತು. ಇಷ್ಟು ಬರುತ್ತಿದೆ ಎಂದರೆ ಮೂತ್ರಕೋಶ ಸರಿ ಇದೆ, ಹೆದರಬೇಡಿ ಎಂದು ಬೆಳ್ಳಿಗೆ ಹೇಳಿದೆ.

ನರ್ಸ್ ವಿನಯಾ ಮಾತ್ರ ಚೇತನಾ ಮೇಡಂಗೆ ಒಂದು ಫೋನ್ ಮಾಡಲೇ ಎಂದು ಕೇಳಿದಳು. ನಾನು ಕನ್ನಡಕ ತೆಗೆದು ಅವಳನ್ನು ನೋಡಿದೆ. ಮೂತ್ರ ಹೋಗುತ್ತಿರುವಾಗ ಮೂತ್ರದ ಡಾಕ್ಟರು ಯಾಕೆ? ವಿನಯಾ ಫೋನನ್ನು ಜೇಬಿಗೆ ಹಾಕಿಕೊಂಡಳು.

ಅಕ್ಟೋಬರ್ ೯, ಬುಧವಾರ

ಏನು ಬರೆಯಲಿ. ಕ್ರಮವಾಗಿಯೇ ಬರೆಯುತ್ತೇನೆ.

ಬೆಳಿಗ್ಗೆ ಹೋದಾಗ ದೇವುವಿನ ಹೊಟ್ಟೆ ಉಬ್ಬಿತ್ತು. ಎರಡು ಸಲ ವಾಂತಿ ಆಗಿತ್ತು. ರಕ್ತದ ರಿಪೋರ್ಟ್ ನೋಡಿದರೆ ಕ್ರಿಯಾಟಿನಿನ್ ಎಲ್ಲಿಂದ ಎಲ್ಲಿಗೋ ಹಾರಿದೆ. ಕಿಡ್ನಿ ಕೈಕೊಟ್ಟಿತು ಎಂದುಕೊಂಡೆ. ಡಯಾಲಿಸಿಸಿಗೆ ದೊಡ್ಡ ಆಸ್ಪತ್ರೆಗೆ ಕಳಿಸುವುದೆಂದು ಆಂಬುಲೆನ್ಸಿಗೆ ಹೇಳಿದೆ. ಬೆಳ್ಳಿ ಗೋಡೆಗೆ ಒರಗಿ ನಿಂತವಳು ಹಾಗೇ ಕೂತುಬಿಟ್ಟಳು.

ಆಗ ಆ ಹುಡುಗಿ ಬಂದಳು. ಯಾರೂ ಕರೆಯಲಿಲ್ಲ. ವಾರ್ಡಿನ ಮುಂದೆ ಹೋಗುತ್ತಿದ್ದವಳು ಗುಂಪು ನೋಡಿ ನಿಂತು, ನಾನೊಂದು ಸಲ ನೋಡಲೇ ಸರ್ ಎಂದಳು. ಎಲ್ಲರ ಎದುರಿಗೆ ಬೇಡ ಎನ್ನುವುದು ಹೇಗೆ? ಹೋಗಿ ಮಂಚದ ಮೇಲೇ ಕೂತಳು. ನಾನು ಈವರೆಗೆ ಯಾವ ರೋಗಿಯ ಮಂಚದ ಮೇಲೂ ಕೂತಿಲ್ಲ. ಹೊಟ್ಟೆ ಮುಟ್ಟುವ ಮೊದಲೇ ಕೇಳಿದಳು:

‘ಪೆಟ್ಟ್ ಬೀಳುಕ್ ಮುಂಚೆ ಕಡೇಗ್ ಒಂದಕ್ಕೆ ಹೋದ್ದ್ ಯಾವಾಗ?’

ದೇವು ಕಷ್ಟಪಟ್ಟು ನೆನಪು ಮಾಡಿಕೊಂಡ. ‘ಬೆಳಿಗ್ಗೆ ಎದ್ದಲ್ ಹೋದ್ದ್. ಮೀನ್ ಕಂಡ್ ಬಲೆ ಬಿಟ್ಟ್ ಮೇಲೆ ಹಗ್ಗ ಬಿಟ್ಟಿಕ್ ಹೋಪುಕ್ ಆತ್ತಾ ಮೇಡಂ? ಬಲೆ ಮೇಲ್ ಬಪ್ಪಲ್ಲಿವರೆಗೆ ತಡ್ಕಂಡೇ ಇಪ್ಪುದ್. ಎಲ್ಲರೂ ಹಾಂಗೇ.’

ಅವಳು ನನ್ನ ಕಡೆ ತಿರುಗಿದಳು. ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿತ್ತು. ಖಾಲಿ ಮೂತ್ರಕೋಶ ಮೂಳೆಯ ಹಿಂದೆ ಅಡಗಿ ಕೂತಿರುತ್ತದೆ, ತುಂಬಿದರೆ ಹೊಟ್ಟೆಯ ಕಡೆಗೆ ಏಳುತ್ತದೆ. ತುಂಬಿದ್ದಾಗ ಪೆಟ್ಟು ಬಿದ್ದರೆ ನೆತ್ತಿ ಒಡೆದು ಮೂತ್ರ ಹೊಟ್ಟೆಯೊಳಗೆ ಹೋಗುತ್ತದೆ. ನರ್ಸುಗಳಿಗೆ ಇದನ್ನು ಪಾಠ ಮಾಡಿದವನೇ ನಾನು.

ಆದರೂ ಬಿಡಲಿಲ್ಲ. ನಿನ್ನೆ ಟ್ಯೂಬಿನಲ್ಲಿ ಅಷ್ಟು ಬಂತಲ್ಲ ಎಂದೆ. ‘ಅದೇ ಸರ್, ಜಾಸ್ತಿ ಆಯ್ತ್’ ಎಂದಳು, ಬಹಳ ಮೆತ್ತಗೆ. ಒಂದು ಮೂತ್ರಕೋಶದಲ್ಲಿ ಅಷ್ಟು ಹಿಡಿಯುವುದಿಲ್ಲ. ಟ್ಯೂಬಿನ ತುದಿ ಹರಿದ ಕಡೆಯಿಂದ ಹೊಟ್ಟೆಗೇ ಹೋಗಿ ಅಲ್ಲಿ ನಿಂತದ್ದನ್ನು ಎಳೆದಿರಬೇಕು ಎಂದಳು. ಕಿಡ್ನಿಯೂ ಕೆಟ್ಟಿರಲಿಲ್ಲ. ಹೊಟ್ಟೆಯಲ್ಲಿ ಚೆಲ್ಲಿದ ಮೂತ್ರವನ್ನು ರಕ್ತ ಮತ್ತೆ ಹೀರಿಕೊಳ್ಳುತ್ತಿತ್ತು. ಹಾಗಾಗಿ ರಿಪೋರ್ಟ್ ಹಾಗೆ ಬಂದದ್ದು.

ಎಕ್ಸ್‌ರೇ ಕೋಣೆಗೆ ಒಯ್ದು, ಟ್ಯೂಬಿನಿಂದ ಮೂತ್ರಕೋಶಕ್ಕೆ ಬಣ್ಣದ ಔಷಧಿ ಇಳಿಸಿದಳು. ಪಿಚಕಾರಿಯಿಂದ ಒತ್ತಲಿಲ್ಲ, ಬಾಟಲಿ ಎತ್ತರಕ್ಕೆ ತೂಗುಹಾಕಿ ತಾನಾಗಿ ಇಳಿಯಲು ಬಿಟ್ಟಳು. ಸ್ವಲ್ಪ ಇಳಿಸಿ ಚಿತ್ರ ತೆಗೆದರೆ ಹರಿದದ್ದು ಕಾಣದೆ ಮೋಸ ಹೋಗಬಹುದು, ಪೂರ್ತಿ ತುಂಬಬೇಕು ಎಂದು ಟೆಕ್ನಿಶಿಯನ್ನಿಗೆ ಹೇಳಿದಳು. ನನಗೂ ಕೇಳಲಿ ಎಂದೇ ಹೇಳಿದ್ದು. ಚಿತ್ರದಲ್ಲಿ ಬಿಳಿ ಬಣ್ಣ ಉಂಡೆಯಾಗಿ ನಿಲ್ಲಲಿಲ್ಲ. ಗಂಜಿ ಚೆಲ್ಲಿದ ಹಾಗೆ ಕರುಳಿನ ಸಂದಿಗೆಲ್ಲ ಹರಿದಿತ್ತು.

ಆಪರೇಷನ್ ಕೋಣೆಯಲ್ಲಿ ಅವಳು ಕತ್ತಿಯನ್ನು ನನ್ನ ಕೈಗೆ ಕೊಟ್ಟಳು. ‘ಹೊಟ್ಟೆ ನೀವ್ ಓಪನ್ ಮಾಡಿ ಸರ್. ನಿಮ್ ಕೈ ಅಂದ್ರೆ ಅವ್ರಿಗ್ ಧೈರ್ಯ.’ ಭಿಕ್ಷೆ ಹಾಕುವಂತೆ ಅನ್ನಿಸಿತು. ತೆರೆದೆ. ಮೂತ್ರಕೋಶದ ನೆತ್ತಿ ಮೂರು ಬೆರಳು ಹೋಗುವಷ್ಟು ಹರಿದಿತ್ತು. ಆಮೇಲೆ ಕರಗುವ ದಾರದಲ್ಲಿ ಅವಳು ಎರಡು ಪದರ ಹೊಲಿದಳು. ನಾನು ಹೊಟ್ಟೆಯನ್ನು ಅಗಲಿಸಿ ಹಿಡಿದು ನಿಂತೆ, ಮೊದಲ ವರ್ಷದ ಹುಡುಗನ ಹಾಗೆ. ಹೊಲಿದ ಮೇಲೆ ನೀಲಿ ನೀರು ತುಂಬಿಸಿ ಸೋರುತ್ತದೆಯೇ ಎಂದು ನೋಡಿದಳು. ನಾನೂ ನೋಡಿದೆ. ಒಂದು ಹನಿಗಾಗಿ ಬಗ್ಗಿ ಬಗ್ಗಿ ಹುಡುಕಿದೆ.

ಸೋರಲಿಲ್ಲ. ಹೊಲಿಗೆ ಚೆನ್ನಾಗಿತ್ತು. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಅಕ್ಟೋಬರ್ ೧೦, ಗುರುವಾರ

ಕ್ರಿಯಾಟಿನಿನ್ ಅರ್ಧಕ್ಕೆ ಇಳಿದಿದೆ. ವಾರ್ಡು, ಕ್ಯಾಂಟೀನು, ಔಷಧಿ ಅಂಗಡಿ, ಎಲ್ಲಿ ನಿಂತರೂ ಚೇತನಾ ಮೇಡಂ, ಚೇತನಾ ಮೇಡಂ. ಹೊಟ್ಟೆ ಉರಿಯುತ್ತಿದೆ. ಅಸಿಡಿಟಿ ಅಲ್ಲ, ಮಾತ್ರೆ ತಗೊಂಡು ನೋಡಿದೆ.

ಅಕ್ಟೋಬರ್ ೧೧, ಶುಕ್ರವಾರ

ಕಾರಿಡಾರಿನಲ್ಲಿ ಬೆಳ್ಳಿ ಸಿಕ್ಕಿದಳು. ಒಳಗಿನ ಹೊಲಿಗೆ ನೀವೇ ಹಾಕಿದ್ದಲ್ಲವೇ ಎಂದು ಆಸೆಯಿಂದ ಕೇಳಿದಳು. ‘ಹೊಲಿಗೆ ನಂದಲ್ಲ. ಹಾಕ್ದವ್ರನ್ನೇ ಕೇಣಿ’ ಎಂದೆ. ಮಾತಿನಲ್ಲಿ ತಪ್ಪಿಲ್ಲ. ಹೇಳಿದ ಧಾಟಿಯಲ್ಲಿ ಇತ್ತು. ಅವಳ ಮುಖ ಬಾಡಿತು. ಮೆಟ್ಟಿಲು ಇಳಿಯುವವರೆಗೆ ನನಗೆ ಖುಷಿಯಾಗಿತ್ತು.

ಮಧ್ಯಾಹ್ನ ಊಟ ಸೇರಲಿಲ್ಲ. ಕುಸುಮ ಬಂಗುಡೆ ಸಾರಿಗೆ ಹುಳಿ ಜಾಸ್ತಿ ಹಾಕಿದ್ದಳು. ಅವಳು ಹಾಕಿಲ್ಲ ಎನ್ನುತ್ತಾಳೆ.

ಅಕ್ಟೋಬರ್ ೧೩, ಭಾನುವಾರ

ನಿನ್ನೆ ವಿಜಯದಶಮಿ ಮುಗಿಯಿತು, ಇವತ್ತು ಅರ್ಧಕ್ಕರ್ಧ ಸಿಬ್ಬಂದಿ ರಜೆ. ಮಧ್ಯಾಹ್ನ ಹೊಸ ನರ್ಸು ಫೋನ್ ಮಾಡಿದಳು. ಒಳಗೆ ಸೋರಿದ್ದು ಹೊರಗೆ ಬರಲಿ ಎಂದು ದೇವುವಿನ ಹೊಟ್ಟೆಯ ಪಕ್ಕದಲ್ಲಿ ಇಟ್ಟ ಡ್ರೈನ್ ಟ್ಯೂಬು ನಿನ್ನೆಗೆ ಒಣಗಿತ್ತಂತೆ, ಈಗ ತುಂಬುತ್ತಾ ಇದೆಯಂತೆ. ಮೇಡಂ ಫೋನ್ ಎತ್ತುತ್ತಿಲ್ಲವಂತೆ.

ಸೋರಿತು ಎಂದುಕೊಂಡೆ. ಸುಳ್ಳು ಯಾಕೆ ಬರೆಯಲಿ, ನನಗೆ ಸಂತೋಷವಾಯಿತು. ಕಾರಿನಲ್ಲಿ ಹೋಗುವಾಗ ಶಿಳ್ಳೆ ಹಾಕುತ್ತಿದ್ದೆ. ಎಷ್ಟು ಡಿಗ್ರಿ ಇದ್ದರೇನು, ಹೊಲಿಗೆ ನಿಲ್ಲಬೇಕಲ್ಲ!

ವಾರ್ಡಿನಲ್ಲಿ ಮಂಚದ ಕೆಳಗೆ ಎಳನೀರಿನ ಬೊಂಡದ ಚಿಪ್ಪುಗಳ ರಾಶಿ. ಬೋಟಿನ ಮಾಲೀಕ ಚಂದಯ್ಯನವರ ಜೊತೆ ಬೋಟಿನವರೆಲ್ಲ ನೋಡಲು ಬಂದಿದ್ದರಂತೆ. ಒಬ್ಬೊಬ್ಬರೂ ಬೊಂಡ ತಂದಿದ್ದಾರೆ, ದೇವು ಯಾರ ಮನಸ್ಸನ್ನೂ ನೋಯಿಸದೆ ಎಲ್ಲವನ್ನೂ ಕುಡಿದಿದ್ದಾನೆ. ಡ್ರೈನಿನ ಬಾಟಲಿ ತುಂಬಿದೆ. ಮೂತ್ರದ ಚೀಲ ಮಾತ್ರ ಕಾಣಲಿಲ್ಲ. ಎಲ್ಲಿ ಎಂದರೆ ಬೆಳ್ಳಿ ತಲೆ ತಗ್ಗಿಸಿದಳು. ಹೊದಿಕೆ ಎತ್ತಿದೆ. ಚೀಲವನ್ನು ಬಟ್ಟೆಯ ಕೈಚೀಲದೊಳಗೆ ಸುತ್ತಿ ದಿಂಬಿನ ಬದಿಗೆ ಇಟ್ಟಿದ್ದಾಳೆ. ಹಾಸಿಗೆಗೆ ಚೆಲ್ಲದಿರಲಿ ಎಂದು ಟ್ಯೂಬನ್ನು ಮಡಚಿ, ಪಂಚೆ ಒಣಗಿಸಲು ತಂದ ಬಟ್ಟೆ ಕ್ಲಿಪ್ಪನ್ನು ಅದಕ್ಕೆ ಸಿಕ್ಕಿಸಿದ್ದಾಳೆ.

‘ಬೋಟಿನೋರ್ ಎಲ್ಲ ಬಪ್ಪುದಂಬ್ರ್. ಒಟ್ಟಿಗ್ ಬಲೆ ಎಳ್ದವ್ರೆದ್ರ್ ಈ ಚೀಲ ಕಾಂಬುದ್ ಬ್ಯಾಡ ಅಂದ್ರ್ ಇವ್ರ್. ಒಂದ್ ಗಳ್ಗಿಗೆ ಅಂದ್ ಹಾಕ್ದೆ ಡಾಕ್ಟ್ರೇ. ಮರ್ತೇ ಹೋಯ್ತ್.’

ಹೋಗಲು ದಾರಿ ಇಲ್ಲದೆ ಮೂತ್ರಕೋಶ ಬಿಗಿದಿತ್ತು, ಹಸಿ ಹೊಲಿಗೆಯ ಸಂದಿಯಿಂದ ಜಿನುಗಿ ಡ್ರೈನಿಗೆ ಬರುತ್ತಿತ್ತು. ಕ್ಲಿಪ್ ಕಿತ್ತೆ, ಚೀಲವನ್ನು ಕೆಳಗೆ ಇಳಿಸಿದೆ. ಮೂತ್ರ ಭರ್ರನೆ ಇಳಿಯಿತು. ದೇವು ‘ಅಬ್ಬ’ ಎಂದು ದಿಂಬಿಗೆ ತಲೆ ಒರಗಿಸಿದ.

ಆಗ ಬೆಳ್ಳಿ, ‘ಹೊಲಿಗೆ ಬಿಚ್ಚಿ ಹೋಯ್ತಾ? ನೀವ್ ಮೊನ್ನೆಯೇ ಹೇಳಿದ್ರಿ ಅಲ್ದಾ, ಹೊಲಿಗೆ ನಿಮ್ದಲ್ಲ ಅಂದ್ಹೇಳಿ’ ಎಂದಳು. ಮೊನ್ನೆ ನಾನು ಹಾಕಿದ ವಿಷ ಅವಳ ಹೊಟ್ಟೆಯಲ್ಲಿ ಹಾಗೇ ಕೂತಿತ್ತು.

ಅಷ್ಟರಲ್ಲಿ ಜಿತೇಂದ್ರನ ಫೋನು. ಮನೆಯವರು ಹೆದರಿದ್ದಾರೆ, ಬೇರೆ ಕಡೆ ಒಯ್ದು ಮತ್ತೆ ಕೊಯ್ಯಿಸುತ್ತಾರಂತೆ, ಆ ಹುಡುಗಿಯ ಹೊಲಿಗೆ ಕೆಟ್ಟಿತೇ, ನೀವು ಹೇಳಿದ ಹಾಗೆ ಮಾಡುತ್ತೇನೆ ಎಂದ. ನಾನು ಹೇಳಿದ ಹಾಗೆ! ಎಷ್ಟು ದಿನದಿಂದ ಈ ಮಾತಿಗೆ ಕಾದಿದ್ದೆ. ಕ್ಲಿಪ್ ನನ್ನ ಅಂಗೈಯಲ್ಲಿತ್ತು. ಹೂಂ ಎಂದಿದ್ದರೆ ಸಾಕಿತ್ತು. ಬೋರ್ಡು ನಾಳೆಯೇ ಇಳಿಯುತ್ತಿತ್ತು. ಈ ಮನುಷ್ಯನ ಹೊಟ್ಟೆಯನ್ನು ಮಾತ್ರ ಯಾರೋ ಸುಮ್ಮನೆ ಇನ್ನೊಂದು ಸಲ ತೆರೆಯುತ್ತಿದ್ದರು.

‘ಹೊಲಿಗೆ ಸರಿ ಇತ್ತ್. ನಾನ್ ಎದ್ರಿಗೇ ನಿಂತ್ ಕಂಡದ್. ಟ್ಯೂಬ್ ಓಪನ್ ಇದ್ರೆ ತನ್ನಿಂದ ತಾನೇ ಕೂಡ್ಕಂತ್ತ್. ಎಲ್ಲಿಗೂ ಕಳ್ಸುದ್ ಬ್ಯಾಡ.’

ಯಾಕೆ ಹಾಗೆ ಹೇಳಿದೆನೋ. ನಿಜವಾದ್ದರಿಂದ ಇರಬಹುದು. ಅವಳ ಮೇಲಿನ ಪ್ರೀತಿಯಿಂದ ಅಂತೂ ಅಲ್ಲ. ಬೆಳ್ಳಿಗೂ ಅದನ್ನೇ ಹೇಳಿದೆ. ಹೊಸ ನರ್ಸಿನ ಕೈಯಲ್ಲಿ ಬಿಡಲು ಧೈರ್ಯವಿಲ್ಲದೆ ಸಂಜೆಯವರೆಗೆ ನಾನೇ ಮಂಚದ ಬದಿಯಲ್ಲಿ ಕೂತು, ಟ್ಯೂಬ್ ಕಟ್ಟದಂತೆ ಆಗಾಗ ಸಲೈನಿನಲ್ಲಿ ತೊಳೆದೆ. ಸ್ಟೂಲು ಸಿಗಲಿಲ್ಲ. ಮಂಚದ ಮೇಲೇ ಕೂತೆ.

ಸಂಜೆ ಬ್ರಹ್ಮಾವರದಿಂದ ಬಸ್ಸಿನಲ್ಲಿ ಅವಳು ಓಡಿ ಬಂದಳು, ಯಾರದೋ ನಿಶ್ಚಿತಾರ್ಥದ ರೇಷ್ಮೆ ಸೀರೆಯಲ್ಲೇ. ಬೆಳ್ಳಿ ಕ್ಲಿಪ್ಪಿನ ಕಥೆ ಹೇಳಿ ಅತ್ತಳು. ಆ ಹುಡುಗಿ ಬೈಯಲಿಲ್ಲ. ಚೀಲ ಹಿಡಿದುಕೊಂಡು ಇರುವುದು ಯಾರಿಗಾದರೂ ನಾಚಿಕೆಯೇ ಎಂದಳು. ನನಗೆ, ‘ನೀವ್ ಇದ್ರಿ ಅಂದ್ ಗೊತ್ತಾಯಿ ನಂಗೆ ಬಸ್ಸಲ್ ಧೈರ್ಯದಲ್ ಕೂಕಂಬುಕ್ ಆಯ್ತ್ ಸರ್’ ಎಂದಳು.

ನಾನು ಶಿಳ್ಳೆ ಹಾಕುತ್ತಾ ಬಂದದ್ದು ಅವಳಿಗೆ ಗೊತ್ತಿಲ್ಲ.

ಅಕ್ಟೋಬರ್ ೧೪, ಸೋಮವಾರ

ಡ್ರೈನ್ ಕಡಿಮೆ ಆಗಿದೆ. ವಿನಯಾಳನ್ನು ಕರೆದು, ವಾರ್ಡಿನಲ್ಲಿ ಒಂದು ಬಟ್ಟೆ ಕ್ಲಿಪ್ ಕಂಡರೂ ಸುಮ್ಮನಿರುವುದಿಲ್ಲ ಎಂದು ಗದರಿದೆ. ಅವಳು ನಗು ತಡೆಯಲು ಬಾಯಿಗೆ ಕೈ ಹಿಡಿದಳು.

ಅಕ್ಟೋಬರ್ ೧೮, ಶುಕ್ರವಾರ

ಡ್ರೈನ್ ತೆಗೆದೆವು. ಮೂತ್ರದ ಟ್ಯೂಬ್ ಇನ್ನೂ ಇರಬೇಕು. ಎರಡು ವಾರಕ್ಕೆ ತೆಗೆಯುವುದು ಪದ್ಧತಿ, ನಡುವೆ ಸೋರಿದ್ದರಿಂದ ನಾನು ಇನ್ನೂ ಕೆಲವು ದಿನ ಇರಲಿ ಎಂದೆ. ಚೇತನಾ ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ, ನಾನು ಹೇಳಿದ್ದು ಸರಿ ಇತ್ತು.

ಈಗ ಕೆಲಸ ಮುಗಿದ ಮೇಲೆ ನನ್ನ ಕೋಣೆಗೆ ಬಂದು ಚಹಾ ಕುಡಿಯುತ್ತಾಳೆ. ಕೇಳದೇ ಕೂರುತ್ತಾಳೆ. ನನ್ನ ಹಳೆಯ ಕೇಸುಗಳ ಕಥೆ ಹೇಳಿ ಎಂದು ಪೀಡಿಸುತ್ತಾಳೆ. ಇವತ್ತು ಎಮ್ಮೆ ಹಾಯ್ದವನ ಕಥೆ ಹೇಳಿದೆ. ಅವಳ ಹತ್ತಿರ ಅಂಥದ್ದು ಒಂದೂ ಇಲ್ಲ.

ಅಕ್ಟೋಬರ್ ೨೨, ಮಂಗಳವಾರ

ಕ್ಯಾಂಟೀನಿನ ಚಹಾ ಮಂಗಳವಾರ, ಗುರುವಾರ ರುಚಿ ಇರುವುದಿಲ್ಲ. ಹಾಲು ಬೇರೆ ಕಡೆಯಿಂದ ತರಿಸುತ್ತಾರೆಂದು ಕಾಣುತ್ತದೆ.

ಅಕ್ಟೋಬರ್ ೨೮, ಸೋಮವಾರ

ಇವತ್ತು ದೇವುವಿನ ಪರೀಕ್ಷೆ. ಮತ್ತೆ ಬಾಟಲಿ ತೂಗುಹಾಕಿ ಬಣ್ಣ ಇಳಿಸಿದೆವು. ಚಿತ್ರ ಬರುವವರೆಗೆ ನನ್ನ ಕೈ ಬೆವರುತ್ತಿತ್ತು, ಕೋಣೆಯಲ್ಲಿ ಸೆಕೆ. ಬಿಳಿ ಬಣ್ಣ ದುಂಡಗೆ, ಅಂಚು ಕೆಡದೆ ನಿಂತಿತ್ತು. ಖಾಲಿ ಮಾಡಿದ ಮೇಲಿನ ಚಿತ್ರದಲ್ಲೂ ಹೊರಗೆ ಒಂದು ಚೂರು ಇಲ್ಲ. ಚೇತನಾ ಟ್ಯೂಬ್ ತೆಗೆಯಲು ನನಗೆ ಬಿಟ್ಟಳು. ತೆಗೆದೆ.

ಆಮೇಲೆ ಕಾಯುವ ಕೆಲಸ. ದೇವು ನೀರು ಕುಡಿದು ಶೌಚಾಲಯದೊಳಗೆ ಹೋದ. ಹೊರಗೆ ನಾನು, ಚೇತನಾ, ವಿನಯಾ, ಬೆಳ್ಳಿ. ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಮೊದಲು ಏನೂ ಇಲ್ಲ. ನಂತರ ಬಕೆಟಿಗೆ ಬಿದ್ದ ಸದ್ದು ಕೇಳಿತು, ನಿಂತಿತು, ಮತ್ತೆ ಜೋರಾಗಿ ಶುರುವಾಯಿತು. ಬೆಳ್ಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನೂ ಕನ್ನಡಕ ಒರೆಸಿಕೊಂಡೆ, ಬೆವರಿಗೆ.

ಚೇತನಾ ಬೇರೆ ರೋಗಿಯ ಹತ್ತಿರ ಹೋದ ಮೇಲೆ ಬೆಳ್ಳಿ ನನ್ನ ಕೈ ಹಿಡಿದಳು.

‘ಆ ಮೇಡಂ ನಂಗೆ ಆವತ್ತೇ ಹೇಳಿರ್. ರವಿಚಂದ್ರ ಡಾಕ್ಟ್ರ್ ಹೊತ್ತಿಗ್ ಸರಿಯಾಯಿ ಕರ್ದದ್ದಕ್ಕೇ ನಿಮ್ ಗಂಡ ಉಳ್ದದ್ ಅಂದ್ಹೇಳಿ.’

ನಾನು ಕರೆಯಲಿಲ್ಲ. ಕರೆಯಲೇ ಎಂದವಳ ಬಾಯಿ ಮುಚ್ಚಿಸಿದವ ನಾನು. ಚೇತನಾ ಇದನ್ನು ಹೇಳಿದ್ದು ಆಪರೇಷನ್ ದಿನವೇ ಅಂತೆ. ಎರಡು ದಿನದ ಮೇಲೆ ನಾನು ಇದೇ ಬೆಳ್ಳಿಗೆ 'ಹೊಲಿಗೆ ನಂದಲ್ಲ' ಎಂದದ್ದು.

ಸುಮ್ಮನೆ ತಲೆ ಆಡಿಸಿ ಬಂದೆ. ಮೆಟ್ಟಿಲವರೆಗೆ ಹೋಗಿ ನಿಂತೆ. ವಾಪಸ್ಸು ಹೋದೆ. ‘ಕರ್ದದ್ ನಾನಲ್ಲ. ಅವಳೇ ಬಂದದ್. ನಂಗೆ ಗೊತ್ತಾಯ್ಲಿಲ್ಲ’ ಎಂದು ಹೇಳಿಯೂ ಹೇಳಿದೆ. ಬೆಳ್ಳಿ ನಕ್ಕಳು. ‘ದೊಡ್ಡೋರ್ ಹಾಂಗೇ ಹೇಳುದ್’ ಎಂದು ಬಗ್ಗಿ ಕಾಲು ಮುಟ್ಟಿದಳು. ನಿಜ ಹೇಳಿದರೂ ಹೊಗಳಿಕೆ ನನಗೇ ಬಂತು. ಈ ಊರಿನಲ್ಲಿ ಇನ್ನು ನಾನು ಸಾಯುವವರೆಗೆ ಈ ಕೇಸು ನನ್ನ ಕೈಗುಣವೇ.

ಕೆಲಸದಲ್ಲಿ ನನಗಿಂತ ಮುಂದೆ ಇದ್ದಾಳೆ ಎಂದು ಇಷ್ಟು ದಿನ ಉರಿದದ್ದು. ಗುಣದಲ್ಲೂ ಮುಂದೆ ಎಂದರೆ ಎಲ್ಲಿಗೆ ಹೋಗಲಿ?

ನವೆಂಬರ್ ೫, ಮಂಗಳವಾರ

ಬ್ರಹ್ಮಾವರದ ಹತ್ತಿರ ಬೈಕಿನಿಂದ ಬಿದ್ದ ಹುಡುಗ, ಸುಜನ್. ಸೊಂಟದ ಮೂಳೆ ಬಿರುಕು, ಮೂತ್ರದಲ್ಲಿ ರಕ್ತ. ಹೊಟ್ಟೆ ಮುಟ್ಟುವ ಮೊದಲೇ, ಬೀಳುವ ಮುಂಚೆ ಕಡೆಗೆ ಒಂದಕ್ಕೆ ಹೋದದ್ದು ಯಾವಾಗ ಎಂದು ಕೇಳಿದೆ. ಡಾಕ್ಟರಾದವನು ಮೊದಲು ಕೇಳಬೇಕಾದ ಪ್ರಶ್ನೆ ಇದು. ಈಗಿನವರಿಗೆ ಯಾರು ಕಲಿಸುತ್ತಾರೆ.

ಅವಳು ಬರುವ ದಿನವಲ್ಲ. ನಾನೇ ಫೋನ್ ಮಾಡಿದೆ. ಅವಳು ಬಸ್ಸು ಹಿಡಿದು ಬರುವುದರೊಳಗೆ ಬಾಟಲಿ ಎತ್ತರಕ್ಕೆ ಕಟ್ಟಿ, ಪೂರ್ತಿ ತುಂಬಿಸಿ ಚಿತ್ರ ತೆಗೆಸಿದ್ದೆ. ಇವನದ್ದು ಬೇರೆ ಥರ. ಹರಿದದ್ದು ಕೆಳಗೆ, ಮೂಳೆಯ ಹತ್ತಿರ. ಮೂತ್ರ ಹೊಟ್ಟೆಯೊಳಗೆ ಹೋಗಿಲ್ಲ. ಅಂಥದ್ದಕ್ಕೆ ಟ್ಯೂಬ್ ಹಾಕಿ ಕಾದರೆ ಸಾಕು, ತಾನೇ ಕೂಡಿಕೊಳ್ಳುತ್ತದೆ. ಕೊಯ್ಯುವುದು ಬೇಡ ಎಂದು ಮೊದಲು ಹೇಳಿದ್ದು ನಾನು, ಆಮೇಲೆ ಅವಳು. ವಿನಯಾ ಸಾಕ್ಷಿ.

ಹೊರಗೆ ಸುಜನ್‌ನ ಅಮ್ಮ ಹರಿಣಾಕ್ಷಿ ಅಳುತ್ತಿದ್ದರು. ಚೇತನಾ ಅವರ ಹತ್ತಿರ ಹೋಗಿ, ಸರ್ ಹೊತ್ತಿಗೆ ಸರಿಯಾಗಿ ಕರೆದರು, ಏನೂ ಆಗುವುದಿಲ್ಲ ಎಂದಳು. ಈ ಸಲ ಕರೆದದ್ದು ನಿಜ, ನಾನು ತಲೆ ತಗ್ಗಿಸಲಿಲ್ಲ.

ಸಂಜೆ ಮನೆಗೆ ಬಂದಾಗ ಕುಸುಮ ಒಗ್ಗರಣೆ ಹಾಕುತ್ತಿದ್ದಳು. ಘಾಟಿಗೆ ಕೆಮ್ಮು ಬಂತು, ತಕ್ಷಣ ಕಾಲು ಬಿಗಿ ಹಿಡಿದು ಕಟ್ಟೆಗೆ ಒರಗಿದಳು. ಇಷ್ಟು ವರ್ಷ ಇದನ್ನು ಅದೆಷ್ಟು ಸಲ ನೋಡಿದ್ದೇನೋ. ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತೆ.

‘ಇದ್ ಸುರುವಾದ್ದ್ ಯಾವಾಗ?’

‘ಚೇತನಾ ಹತ್ರ ಎಲ್ಲ ಹೇಳಿದೆ. ವ್ಯಾಯಾಮ ಹೇಳಿಕೊಟ್ಟಿದ್ಲ್, ಮಾಡ್ತಾ ಇದ್ದೆ.’

‘ನನ್ನತ್ರ ಹೇಳ್.’

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ತಮಾಷೆಯೋ ಎಂದು. ಆಮೇಲೆ ಕೂತಳು. ಎರಡನೆಯ ಹೆರಿಗೆಯ ನಂತರ ಶುರುವಾದದ್ದು, ಬೈಂದೂರಿನಲ್ಲಿ ತಂಗಿಯ ಮಗಳ ಮದುವೆಯ ದಿನ ಎಲ್ಲರ ಎದುರಿಗೆ ಸೀರೆ ಒದ್ದೆಯಾದದ್ದು, ನಾನು ತಮಾಷೆ ಮಾಡುವಾಗ ನಗಲು ಹೆದರಿ ಎದ್ದು ಹೋಗುತ್ತಿದ್ದದ್ದು. ಎದ್ದು ಹೋಗುವುದು ನನ್ನ ತಮಾಷೆ ಹಿಡಿಸದೆ ಎಂದು ನಾನು ತಿಳಿದಿದ್ದೆ. ಸಾರು ತಣ್ಣಗಾಯಿತು. ನಾನು ನಡುವೆ ಬಾಯಿ ಹಾಕಲಿಲ್ಲ, ಎಣ್ಣೆ ಬರೆದುಕೊಡಲಿಲ್ಲ.

ಮದುವೆಯ ದಿನದ್ದನ್ನು ಅವಳು ಚೇತನಾಗೆ ಹೇಳಿಲ್ಲವಂತೆ. ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಇದೊಂದರಲ್ಲಿ ನಾನೇ ಮುಂದೆ.